ಬೇಸ್ ಗಿಟಾರನ್ನು ಸೆಟಪ್‌ಗೆ ಕೊಡುವ ಮುಂಚೆ ಇದನ್ನು ಓದಿ: ಟ್ರಸ್ ರಾಡ್ ವಿಷಯದಲ್ಲಿ ನನಗಾದ ನಷ್ಟ

ಬೇಸ್ ನುಡಿಸುವವರೆಲ್ಲ, ಅದರಲ್ಲೂ ಕೆಲಸ, ಓದು ಎಲ್ಲ ಮುಗಿಸಿಕೊಂಡು ಬಿಡುವಿದ್ದಾಗ ಗೆಳೆಯರ ಜೊತೆ ಸೇರಿ ನುಡಿಸುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಚೆನ್ನಾಗಿದ್ದ ನನ್ನ ಬೇಸ್‌ನ ನೆಕ್ (ತಂತಿ ಒತ್ತಿ ಹಿಡಿಯುವ ಉದ್ದನೆಯ ಭಾಗ) ಒಂದು ಮಾಮೂಲಿ ಸೆಟಪ್‌ನಲ್ಲಿ, ಅಂದರೆ ವಾದ್ಯವನ್ನು ನುಡಿಸಲು ಹದವಾಗಿ ಹೊಂದಿಸುವ ಕೆಲಸದಲ್ಲಿ, ಹಾಳಾಯಿತು. ಬಿದ್ದು ಮುರಿದದ್ದಲ್ಲ, ನೀರು ತಾಗಿದ್ದಲ್ಲ. ರಿಪೇರಿ ಗೊತ್ತು ಅಂತ ಹೇಳಿಕೊಂಡ ಒಬ್ಬರು ತಪ್ಪು ಅಳತೆಯ ಅಲೆನ್ ಕೀ (ಆರು ಮೂಲೆಯ ಕೀ) ಹಾಕಿ, ನೆಕ್ ಒಳಗಿನ ಉಕ್ಕಿನ ಸರಳನ್ನು, ಅಂದರೆ ಟ್ರಸ್ ರಾಡನ್ನು, ತಪ್ಪು ದಿಕ್ಕಿಗೆ, ಜೋರಾಗಿ ತಿರುಗಿಸಿದರು. ಅಷ್ಟೇ. ಅದಕ್ಕೆ ಕೆಲವೇ ನಿಮಿಷ ಸಾಕಾಯಿತು, ಸರಿಪಡಿಸಲು ಮಾತ್ರ ಆಗಲೇ ಇಲ್ಲ.

ನನ್ನದು ನಾಲ್ಕು ತಂತಿಯ ಬೇಸ್. 34 ಇಂಚು ಸ್ಕೇಲ್ (ತಂತಿ ಕಂಪಿಸುವ ಉದ್ದ), ರೋಸ್‌ವುಡ್ ಫ್ರೆಟ್‌ಬೋರ್ಡ್ (ನೆಕ್ ಮೇಲೆ ಫ್ರೆಟ್ ಅನ್ನುವ ಲೋಹದ ಅಡ್ಡಪಟ್ಟಿಗಳಿರುವ ಹಲಗೆ), ನೆಕ್ ಅನ್ನು ಬಾಡಿಗೆ, ಅಂದರೆ ಗಿಟಾರಿನ ಒಡಲಿಗೆ, ಸ್ಕ್ರೂ ಹಾಕಿ ಕೂರಿಸಿರುವ ಮಾದರಿ. ಹವಾಮಾನ ಬದಲಾದಾಗ ಗಾಳಿಯಲ್ಲಿ ತೇವ ಜಾಸ್ತಿಯಾಗಿ ನೆಕ್ ಸ್ವಲ್ಪ ಮುಂದಕ್ಕೆ ಬಾಗಿತ್ತು, ತಂತಿಗಳು ಮೇಲೆದ್ದು ನುಡಿಸಲು ಕಷ್ಟವಾಗಿತ್ತು. ಇದು ಮರದ ವಾದ್ಯ ಇರುವ ಎಲ್ಲರಿಗೂ ಆಗುವಂಥದ್ದೇ. ನಾನು ಕೇಳಿದ್ದು ಇಷ್ಟು: ಹಳೆಯ ತಂತಿ ತೆಗೆದು ಅದೇ 45–105 ಗೇಜ್‌ನ (ದಪ್ಪದ) ಹೊಸ ತಂತಿ ಹಾಕಿ, ನೆಕ್‌ನ ಬಾಗು ಸರಿಮಾಡಿ, ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಸ್ವಲ್ಪ ಇಳಿಸಿ, ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಶ್ರುತಿಯಲ್ಲಿದೆಯಾ ಅಂತ) ನೋಡಿ ಕೊಡಿ. ರಿಪೇರಿಯವರು ಇನ್ನೊಂದು ಮಾತನ್ನೂ ಸೇರಿಸಿದರು. ಜಿ ತಂತಿಯಲ್ಲಿ ಐದು, ಆರನೇ ಫ್ರೆಟ್ ಹತ್ತಿರ ಸ್ವರ ಬೇಗ ಸಾಯುತ್ತಲ್ಲ, ಆ ಡೆಡ್ ಸ್ಪಾಟ್ ಕೂಡ ಸೆಟಪ್‌ನಲ್ಲೇ ಹೋಗಿಸಿಕೊಡ್ತೀನಿ ಅಂದರು. ಇದನ್ನು ಯಾರಾದರೂ ಹೇಳಿದರೆ ನೀವು ಅಲ್ಲೇ ಎಚ್ಚರವಾಗಿ. ಡೆಡ್ ಸ್ಪಾಟ್ ಬರುವುದು ನೆಕ್ ತಾನೇ ಕಂಪಿಸಿ ತಂತಿಯ ಶಕ್ತಿಯನ್ನು ಹೀರಿಕೊಳ್ಳುವುದರಿಂದ. ಹೆಡ್‌ಸ್ಟಾಕ್‌ಗೆ (ನೆಕ್‌ನ ತುದಿಗೆ) ಭಾರ ಸಿಕ್ಕಿಸಿದರೆ ಅದು ಪಕ್ಕದ ಫ್ರೆಟ್‌ಗೆ ಸರಿಯಬಹುದು, ಸ್ಯಾಡಲ್ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ಆಸರೆ) ಏರಿಸಿ ಇಳಿಸಿ ಅದನ್ನು ಓಡಿಸಲು ಆಗುವುದಿಲ್ಲ.

ಈಗ ಟ್ರಸ್ ರಾಡ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಏನು ಕೆಟ್ಟಿತು ಅಂತ ಅರ್ಥವಾಗುವುದಿಲ್ಲ. ನಾಲ್ಕು ಬೇಸ್ ತಂತಿಗಳು ಶ್ರುತಿಯಲ್ಲಿ ಇರುವಾಗ ಒಟ್ಟಾರೆ 70 ಕೆಜಿಗೂ ಜಾಸ್ತಿ ಬಲದಲ್ಲಿ ನೆಕ್ ಅನ್ನು ಎಳೆಯುತ್ತಿರುತ್ತವೆ. ಬರೀ ಮರ ಈ ಎಳೆತಕ್ಕೆ ಹಗಲೂ ರಾತ್ರಿ ತಡೆದು ನಿಲ್ಲುವುದು ಕಷ್ಟ. ಅದಕ್ಕೇ ನೆಕ್ ಒಳಗೆ ಉಕ್ಕಿನ ಸರಳು ಇರುತ್ತದೆ. 1920ರ ದಶಕದಲ್ಲೇ ಗಿಬ್ಸನ್ ಕಂಪನಿ ತಿರುಗಿಸಿ ಹೊಂದಿಸುವಂಥ ರಾಡ್‌ಗೆ ಪೇಟೆಂಟ್ ಪಡೆದಿತ್ತು. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗ ಅದರಲ್ಲೂ ರಾಡ್ ಇತ್ತು. ಇವತ್ತು ನಿಮ್ಮ ಕೈಯಲ್ಲಿರುವ ಬೇಸ್‌ನಲ್ಲೂ ಹೆಚ್ಚುಕಡಿಮೆ ಅದೇ ಕೆಲಸ ನಡೆಯುತ್ತಿದೆ. ತಂತಿ ಮುಂದಕ್ಕೆ ಎಳೆಯುತ್ತದೆ, ರಾಡ್ ಹಿಂದಕ್ಕೆ ಎಳೆಯುತ್ತದೆ. ಬಿಗಿ ಮಾಡಿದರೆ ನೆಕ್ ನೆಟ್ಟಗಾಗಿ, ಇನ್ನೂ ಬಿಗಿ ಮಾಡಿದರೆ ಹಿಂದಕ್ಕೆ ಬಾಗುತ್ತದೆ. ಸಡಿಲ ಮಾಡಿದರೆ ತಂತಿಗಳು ಅದನ್ನು ಮುಂದಕ್ಕೆ ತರುತ್ತವೆ.

ನೆಕ್ ಪೂರ್ತಿ ನೆಟ್ಟಗೆ ಇರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ತಂತಿ ಮಧ್ಯದಲ್ಲಿ ಅಗಲವಾಗಿ ಕಂಪಿಸುತ್ತದೆ ಅಲ್ವಾ, ಅದಕ್ಕೆ ಜಾಗ ಬೇಕು. ಹಾಗಾಗಿ ನೆಕ್ ಮುಂದಕ್ಕೆ ಚೂರೇ ಚೂರು ಬಾಗಿರಬೇಕು, ಇದಕ್ಕೆ ರಿಲೀಫ್ ಅಂತಾರೆ. ಮೊದಲನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ (ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳ ಕಟ್ಟು) ಅಳೆಯಬೇಕು. ಬೇಸ್‌ಗೆ ಸಾಮಾನ್ಯವಾಗಿ 0.25ರಿಂದ 0.35 ಮಿಮೀ. ಇದು ಸಿಕ್ಕ ಮೇಲೆ ಆಕ್ಷನ್ ಅನ್ನು ಹೊಂದಿಸುವುದು ಬ್ರಿಡ್ಜ್‌ನಲ್ಲಿರುವ ಸ್ಯಾಡಲ್‌ಗಳಿಂದ. ದಯವಿಟ್ಟು ಇದೊಂದನ್ನು ನೆನಪಿಡಿ: ರಾಡ್ ಇರುವುದು ನೆಕ್‌ನ ಬಾಗಿಗೆ, ತಂತಿಯ ಎತ್ತರಕ್ಕೆ ಅಲ್ಲ. ಬಾಗು ಬದಲಾದಾಗ ಎತ್ತರವೂ ಕೊಂಚ ಬದಲಾಗುತ್ತದೆ ನಿಜ, ಆದರೆ ಆಕ್ಷನ್ ಇಳಿಸಲಿಕ್ಕೆ ಅಂತ ರಾಡ್ ತಿರುಗಿಸುವವರ ಕೈಗೆ ವಾದ್ಯ ಕೊಡಬೇಡಿ.

ನನ್ನ ಬೇಸ್ ವಾಪಸ್ ಬಂದಾಗ ಥಳಥಳ ಅಂತಿತ್ತು. ಫ್ರೆಟ್‌ಗಳು ಹೊಳೆಯುತ್ತಿದ್ದವು. ಅಲ್ಲೇ ಆಂಪ್‌ಗೆ ಹಾಕಿ ಅವರೇ ನುಡಿಸಿ ತೋರಿಸಿದರು, ಟ್ರೆಬಲ್ ಪೂರ್ತಿ ಇಳಿಸಿ, ವಾಲ್ಯೂಮ್ ಜೋರಾಗಿಟ್ಟು. ಹೀಗೆ ಕೇಳಿದರೆ ಫ್ರೆಟ್ ಬಝ್ (ತಂತಿ ಫ್ರೆಟ್‌ಗೆ ಬಡಿದು ಬರುವ ಸದ್ದು) ಕಿವಿಗೆ ಬೀಳುವುದೇ ಇಲ್ಲ, ಯಾಕೆಂದರೆ ಆ ಜರ್ರ್ ಅನ್ನುವ ಸದ್ದೆಲ್ಲ ಮೇಲಿನ ಫ್ರೀಕ್ವೆನ್ಸಿಗಳಲ್ಲೇ ಇರುವುದು. ಮನೆಯಲ್ಲಿ ಆಂಪ್ ಇಲ್ಲದೆ ನುಡಿಸಿದಾಗ ನಿಜ ಗೊತ್ತಾಯಿತು. ಇ ಮತ್ತು ಎ ತಂತಿಗಳಲ್ಲಿ ಮೊದಲ ನಾಲ್ಕೈದು ಫ್ರೆಟ್‌ಗಳು ಪೂರಾ ಬಝ್. ತಂತಿಯನ್ನು ಒತ್ತದೆ ಸುಮ್ನೆ ಮೀಟಿದರೂ ಬಝ್. ಹನ್ನೆರಡನೇ ಫ್ರೆಟ್ ದಾಟಿದರೆ ತಂತಿ ಮೊದಲಿಗಿಂತಲೂ ಎತ್ತರ, ಬೆರಳು ನೋಯುವಷ್ಟು. ಕೆಳಗಿನ ಫ್ರೆಟ್‌ಗಳಲ್ಲಿ ಬಝ್, ಮೇಲಿನ ಫ್ರೆಟ್‌ಗಳಲ್ಲಿ ಆಕ್ಷನ್ ಎತ್ತರ, ಇವೆರಡೂ ಒಟ್ಟಿಗೆ ಕಂಡರೆ ನೆಕ್ ಹಿಂದಕ್ಕೆ ಬಾಗಿದೆ, ಅದನ್ನು ಮುಚ್ಚಲು ಯಾರೋ ಸ್ಯಾಡಲ್ ಎತ್ತರಿಸಿದ್ದಾರೆ ಅಂತಲೇ ಹೆಚ್ಚುಕಡಿಮೆ ಲೆಕ್ಕ. ಕೇಪೋ ಹಾಕಿ ಅಳೆದೆ. ತಂತಿ ಮಧ್ಯದ ಫ್ರೆಟ್‌ಗಳ ಮೇಲೆ ಮಲಗಿಯೇ ಇತ್ತು, ಗೇಜ್‌ನ ತೀರಾ ತೆಳ್ಳಗಿನ ಎಲೆಯೂ ಒಳಗೆ ಹೋಗಲಿಲ್ಲ.

ತಂತಿಯೂ ನಾನು ಹೇಳಿದ್ದಲ್ಲ. ಚೀಲದಲ್ಲಿದ್ದ ಖಾಲಿ ಪ್ಯಾಕೆಟ್ ಮೇಲೆ 40–95 ಅಂತಿತ್ತು. ಇದು ಸಣ್ಣ ವಿಷಯ ಅಲ್ಲ. ತೆಳ್ಳಗಿನ ತಂತಿ ಕಡಿಮೆ ಎಳೆಯುತ್ತದೆ, ಹಾಗಾಗಿ ನೆಕ್ ತಾನಾಗೇ ಹಿಂದಕ್ಕೆ ಸರಿಯುತ್ತದೆ. ಮೊದಲಿದ್ದ ಬಾಗು ಆಗಲೇ ಕಡಿಮೆಯಾಗಿರುತ್ತದೆ, ಅಳೆದು ನೋಡಿದ್ದರೆ ರಾಡ್ ಮುಟ್ಟುವ ಅಗತ್ಯವೇ ಬರುತ್ತಿರಲಿಲ್ಲವೋ ಏನೋ, ಬಂದಿದ್ದರೂ ಚೂರು ಸಡಿಲ ಮಾಡಬೇಕಾಗುತ್ತಿತ್ತು. ಅವರು ಅಳೆಯದೆ ಬಿಗಿ ಮಾಡಿದ್ದರು.

ಹೋಗಿ ಕೇಳಿದಾಗ ಮೊದಲು ಬಂದ ಉತ್ತರ, "ಹೊಸ ತಂತಿ ಸರ್, ಸ್ವಲ್ಪ ದಿನ ನುಡಿಸಿ, ತಾನಾಗೇ ಸೆಟ್ ಆಗುತ್ತೆ." ಹೊಸ ತಂತಿ ಎಳೆದುಕೊಂಡು ಶ್ರುತಿ ಇಳಿಯುವುದು ನಿಜ, ಅದು ಬೇಗ ಸರಿಹೋಗುತ್ತದೆ ಕೂಡ. ಆದರೆ ಹಿಂದಕ್ಕೆ ಬಾಗಿದ ನೆಕ್ ನುಡಿಸಿ ನುಡಿಸಿ ಸರಿಹೋಗುವುದಿಲ್ಲ. ಆಮೇಲೆ, ನೀವೇ ಜೋರಾಗಿ ಮೀಟ್ತೀರಿ ಅಂದರು. ಕೊನೆಗೆ, "ಆಕ್ಷನ್ ಕಡಿಮೆ ಮಾಡಿ ಅಂದ್ರಲ್ಲ, ಅದಕ್ಕೇ ರಾಡ್ ಟೈಟ್ ಮಾಡಿದೆ" ಅಂತ ಬಾಯಿಬಿಟ್ಟರು. ಮತ್ತೆ ಕೈ ಹಾಕಲು ಬಿಡಲಿಲ್ಲ, ವಾಪಸ್ ತಂದೆ.

ಎರಡನೆಯವರ ಬಳಿ ಹೋದಾಗ ಕೆಲಸ ಬಲ್ಲವರು ಹೇಗೆ ಶುರು ಮಾಡುತ್ತಾರೆ ಅನ್ನುವುದು ನೋಡಿ ತಿಳಿಯಿತು. ಬೇಸ್ ಕೈಗೆ ತಗೊಂಡು ಮೊದಲು ಶ್ರುತಿ ಮಾಡಿದರು. ನೀವು ಯಾವಾಗಲೂ ಇದೇ ಶ್ರುತಿಯಲ್ಲೇ ನುಡಿಸೋದಾ, ಇ ತಂತಿಯನ್ನು ಡಿಗೆ ಇಳಿಸ್ತೀರಾ ಅಂತ ಕೇಳಿದರು. ಇದು ಕೇಳಲೇಬೇಕಾದ ಪ್ರಶ್ನೆ, ಶ್ರುತಿ ಇಳಿಸಿದರೆ ಎಳೆತ ಇಳಿಯುತ್ತದೆ, ಸೆಟಪ್ ಬದಲಾಗುತ್ತದೆ. ಆಮೇಲೆ ನೆಕ್ ಅಂಚನ್ನು ಉದ್ದಕ್ಕೂ ಕಣ್ಣಳತೆಯಲ್ಲಿ ನೋಡಿ, ಹೆಡ್‌ಸ್ಟಾಕ್ ಬಳಿ ರಾಡ್‌ಗೆ ಕೀ ಹಾಕುವ ತೂತಿಗೆ ಟಾರ್ಚ್ ಬಿಟ್ಟರು. ಆರು ಮೂಲೆ ಇರಬೇಕಾದ ತೂತು ದುಂಡಗಾಗಿತ್ತು.

ಕಾರಣ ಅವರೇ ವಿವರಿಸಿದರು. ನನ್ನ ಬೇಸ್‌ಗೆ ಬೇಕಿದ್ದದ್ದು 5 ಮಿಮೀ ಕೀ. ಮೊದಲಿನವರು ಬಹುಶಃ ಇಂಚಿನ ಅಳತೆಯ 3/16 ಕೀ ಹಾಕಿದ್ದಾರೆ. ಅದು 4.76 ಮಿಮೀ. ಒಳಗೆ ಹೋಗುತ್ತದೆ, ತಿರುಗುತ್ತದೆ ಕೂಡ, ಹಾಗಾಗಿ ಸರಿಯಾದ ಕೀ ಅಂತಲೇ ಅನ್ನಿಸುತ್ತದೆ. ಆದರೆ ಕಾಲು ಮಿಮೀನಷ್ಟು ಸಡಿಲ ಇರುವುದರಿಂದ ಬಲವೆಲ್ಲ ಮೂಲೆಗಳ ಮೇಲೇ ಬೀಳುತ್ತದೆ, ಮೂಲೆ ಸವೆಯುತ್ತದೆ. ಜೋರಾಗಿ ಬಿಗಿ ಮಾಡಿದಾಗಲಂತೂ ಇನ್ನೂ ಬೇಗ. ಇದು ನಿಮಗೂ ಆಗಬಹುದು, ಯಾಕೆಂದರೆ ಬೇಸ್‌ಗಳಲ್ಲಿ ಇಂಚಿನದ್ದೂ ಇದೆ, ಮಿಲಿಮೀಟರಿನದ್ದೂ ಇದೆ, ಒಂದೇ ಬ್ರ್ಯಾಂಡಿನ ಬೇರೆ ಬೇರೆ ಮಾದರಿಗಳಲ್ಲೂ ಬೇರೆ ಬೇರೆ ಇರುತ್ತದೆ. ಬೇಸ್ ಜೊತೆ ಬಂದ ಕೀಯನ್ನು ಯಾವತ್ತೂ ಕಳೆಯಬೇಡಿ. ಸೆಟಪ್‌ಗೆ ಕೊಡುವಾಗ ಅದನ್ನೂ ಜೊತೆಗೆ ಕೊಟ್ಟು, ಇದನ್ನೇ ಬಳಸಿ ಅಂತ ಹೇಳಿ.

ಸವೆದ ತೂತಿಗೆ ಕೊಂಚ ದೊಡ್ಡ ಟಾರ್ಕ್ಸ್ ಬಿಟ್ (ನಕ್ಷತ್ರದಾಕಾರದ ಮೊನೆ) ಅನ್ನು ಮೆಲ್ಲಗೆ ಬಡಿದು ಕೂರಿಸಿ ತಿರುಗಿಸಲು ನೋಡಿದರು. ಚೂರು ತಿರುಗಿತು, ನೆಕ್ ಚೂರು ಮುಂದಕ್ಕೂ ಬಂತು, ಆಮೇಲೆ ಬಿಟ್ ಜಾರಲು ಶುರುವಾಯಿತು. ಅಲ್ಲಿಗೇ ನಿಲ್ಲಿಸಿದರು. ಕೆಲವು ಬೇಸ್‌ಗಳಲ್ಲಿ ರಾಡ್‌ನ ತುದಿಯ ಭಾಗವನ್ನು ಬಿಚ್ಚಿ ಹೊಸದು ಹಾಕಬಹುದು. ನನ್ನದರಲ್ಲಿ ಅದು ರಾಡ್‌ಗೆ ಬೆಸೆದೇ ಬಂದಿದೆ. ರಾಡ್ ಬದಲಾಯಿಸಬೇಕೆಂದರೆ ಫ್ರೆಟ್‌ಬೋರ್ಡನ್ನು ಬಿಸಿ ಮಾಡಿ, ಅಂಟು ಮೆತ್ತಗೆ ಮಾಡಿ ಕಿತ್ತು, ಮತ್ತೆ ಅಂಟಿಸಬೇಕು. ಅದಕ್ಕಿಂತ ಹೊಸ ನೆಕ್ ಹಾಕುವುದೇ ಮೇಲು ಅಂದರು. ನನ್ನದು ಸ್ಕ್ರೂ ಹಾಕಿದ ನೆಕ್ ಆದ್ದರಿಂದ ಆ ದಾರಿಯಾದರೂ ಇದೆ. ನೆಕ್ ಅಂಟಿಸಿರುವ ಅಥವಾ ಬಾಡಿಯ ಮಧ್ಯೆ ಹಾದುಹೋಗುವ ಮಾದರಿ ಇದ್ದವರಿಗೆ ಅದೂ ಇಲ್ಲ. ಸದ್ಯಕ್ಕೆ 50–110ರ ದಪ್ಪ ತಂತಿ ಹಾಕಿದ್ದಾರೆ, ಅದರ ಜಾಸ್ತಿ ಎಳೆತಕ್ಕೆ ನೆಕ್ ಇನ್ನಷ್ಟು ಮುಂದೆ ಬಂದು ಬಝ್ ಕಡಿಮೆಯಾಗಿದೆ, ಹೋಗಿಲ್ಲ. ಮೊದಲ ಫ್ರೆಟ್‌ನಲ್ಲಿ ಎಫ್ ಹಿಡಿದರೆ ಈಗಲೂ ಜರ್ ಅನ್ನುತ್ತದೆ. ವರ್ಷಗಟ್ಟಲೆ ನುಡಿಸಿ ಕೈಗೆ ಒಗ್ಗಿದ್ದ ನೆಕ್ ಅದು. ಬೇರೆ ನೆಕ್ ಸಿಗುತ್ತದೆ, ಇದು ಸಿಗುವುದಿಲ್ಲ. ಅದಕ್ಕೇ ಇಷ್ಟು ಸಿಟ್ಟು.

ಇನ್ನೊಂದು ಹಾನಿ ಮೊದಲು ಕಣ್ಣಿಗೆ ಬಿದ್ದಿರಲಿಲ್ಲ. ಫ್ರೆಟ್ ಹೊಳೆಯುವಂತೆ ಮಾಡಲು ಮೊದಲಿನವರು ಸ್ಟೀಲ್ ವುಲ್ (ಉಕ್ಕಿನ ನಾರು) ಉಜ್ಜಿದ್ದರು, ತಂತಿಯ ಕಂಪನವನ್ನು ಆಂಪ್‌ಗೆ ಕಳಿಸುವ ಪಿಕಪ್‌ಗಳನ್ನು ಮುಚ್ಚದೆ. ಪಿಕಪ್‌ನಲ್ಲಿ ಇರುವುದೇ ಅಯಸ್ಕಾಂತ, ಉಕ್ಕಿನ ಪುಡಿಯೆಲ್ಲ ಹೋಗಿ ಅಲ್ಲಿ ಕಪ್ಪು ಗಡ್ಡದ ಹಾಗೆ ಅಂಟಿಕೊಂಡಿತ್ತು. ಒಳಗಿನ ಸುರುಳಿ ತಂತಿಗೆ ತಾಗಿದರೆ ಪಿಕಪ್ಪೇ ಹಾಳಾಗಬಹುದು. ಅಂಟು ಟೇಪ್ ಒತ್ತಿ ಒತ್ತಿ ತೆಗೆಯಬೇಕಾಯಿತು. ನಿಮ್ಮ ಬೇಸ್‌ಗೆ ಯಾರಾದರೂ ಸ್ಟೀಲ್ ವುಲ್ ತಂದರೆ ಮೊದಲು ಪಿಕಪ್ ಮೇಲೆ ಮಾಸ್ಕಿಂಗ್ ಟೇಪ್ ಹಾಕಿಸಿ. ಹಾಗೆಯೇ ಲೆಮನ್ ಆಯಿಲ್ ರೋಸ್‌ವುಡ್‌ನಂಥ ಪಾಲಿಶ್ ಇಲ್ಲದ ಫ್ರೆಟ್‌ಬೋರ್ಡ್‌ಗೆ ಸರಿ, ಲ್ಯಾಕರ್ ಹಾಕಿದ ಮೇಪಲ್‌ಗೆ ಬೇಡ.

ಕೊಡುವ ಮುಂಚೆ ನಿಮ್ಮ ಬೇಸ್‌ನ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ರಿಲೀಫ್ ಎಷ್ಟು, 17ನೇ ಫ್ರೆಟ್‌ನಲ್ಲಿ ಇ ಮತ್ತು ಜಿ ತಂತಿ ಎಷ್ಟು ಎತ್ತರ (ಸಾಮಾನ್ಯವಾಗಿ 2ರಿಂದ 2.8 ಮಿಮೀ ಒಳಗೆ ಇರುತ್ತದೆ, ಇ ಸ್ವಲ್ಪ ಜಾಸ್ತಿ), ಯಾವ ಗೇಜ್ ತಂತಿ. ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ರಾಡ್‌ನ ತೂತಿನದ್ದೂ ಒಂದು ಸ್ಪಷ್ಟ ಫೋಟೋ ಇರಲಿ. ನನ್ನ ಬಳಿ ಆ ಫೋಟೋ ಇದ್ದಿದ್ದರೆ ಜಗಳ ಅಲ್ಲೇ ಮುಗಿಯುತ್ತಿತ್ತು. ಆಮೇಲೆ ಒಂದೇ ಪ್ರಶ್ನೆ ಕೇಳಿ: ಆಕ್ಷನ್ ಇಳಿಸಲು ಏನು ಮಾಡ್ತೀರಿ? ಮೊದಲು ರಿಲೀಫ್ ಅಳೆದು, ಆಮೇಲೆ ಸ್ಯಾಡಲ್ ಅಂದರೆ ಮಾತು ಮುಂದುವರಿಸಿ. ನೇರವಾಗಿ ರಾಡ್ ಟೈಟ್ ಅಂದರೆ ಬೇಸ್ ಎತ್ತಿಕೊಂಡು ಬನ್ನಿ. ಬಲ್ಲವರು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸುವುದಿಲ್ಲ, ಮತ್ತೆ ಶ್ರುತಿ ಮಾಡಿ, ಅಳೆದು, ನೆಕ್‌ಗೆ ಕೂರಲು ಸಮಯ ಕೊಡುತ್ತಾರೆ. ವಾಪಸ್ ತಗೊಳ್ಳುವಾಗ ಆಂಪ್ ಬೇಡ, ಸದ್ದಿಲ್ಲದ ಕಡೆ ಕೂತು ಪ್ರತಿ ತಂತಿಯ ಪ್ರತಿ ಫ್ರೆಟ್ ನುಡಿಸಿ. ಅವರಿಗೆ ಬೇಜಾರಾದರೂ ಪರವಾಗಿಲ್ಲ.

ಈಗಾಗಲೇ ನಿಮ್ಮ ಬೇಸ್ ಹೀಗಾಗಿ ಬಂದಿದ್ದರೆ, ತಂತಿ ಸಡಿಲ ಮಾಡಿ ಇಡಬೇಡಿ. ತೊಂದರೆ ಅಂದ ಕೂಡಲೇ ತಂತಿ ಇಳಿಸುವುದು ನಮಗೆಲ್ಲ ಅಭ್ಯಾಸ, ಆದರೆ ರಾಡ್ ಅತಿಯಾಗಿ ಬಿಗಿಯಾಗಿರುವಾಗ ಅದಕ್ಕೆ ಎದುರಾಗಿ ಎಳೆಯುತ್ತಿರುವುದು ತಂತಿ ಮಾತ್ರ, ಅದನ್ನೂ ಇಳಿಸಿದರೆ ನೆಕ್ ಇನ್ನೂ ಹಿಂದಕ್ಕೆ ಹೋಗುತ್ತದೆ. ಶ್ರುತಿಯಲ್ಲೇ ಇಡಿ. ಕೀ ಜಾರಿದಂತೆ ಅನ್ನಿಸಿದರೆ ಇನ್ನೊಂದು ಕೀ ಹಾಕಿ ನೋಡೋಣ ಅಂತ ಹೋಗಬೇಡಿ, ಜಾರಿದಷ್ಟೂ ಉಳಿದ ಮೂಲೆಗಳು ಸವೆಯುತ್ತವೆ. ಸ್ವಲ್ಪವಾದರೂ ಮೂಲೆ ಉಳಿದಿದ್ದರೆ ಬಲ್ಲವರು ನೆಕ್ ಅನ್ನು ಕ್ಲ್ಯಾಂಪ್ ಹಾಕಿ ಹಿಂದಕ್ಕೆ ಒತ್ತಿ ಹಿಡಿದು, ರಾಡ್ ಮೇಲಿನ ಒತ್ತಡ ಇಳಿಸಿ, ಆಮೇಲೆ ಸಡಿಲ ಮಾಡುತ್ತಾರೆ. ಹಾಗೆ ಮಾಡಬಲ್ಲವರು ಸಿಗುವವರೆಗೆ ರಾಡ್ ಮುಟ್ಟಬೇಡಿ, ಮೊದಲಿನವರು ಏನೇನು ಮಾಡಿದರು, ಯಾವ ತಂತಿ ಹಾಕಿದರು ಅನ್ನುವುದನ್ನೆಲ್ಲ ಅವರಿಗೆ ಮುಚ್ಚಿಡದೆ ಹೇಳಿ.