ಗೀಚಿದ್ದನ್ನೂ ಓದೋ ಟೀಚರ್ ಇರೋ ಪ್ಲೇಹೋಮ್, ಶಿವಮೊಗ್ಗ

ವಿನೋಬನಗರದ ಈ ಸಣ್ಣ ಪ್ಲೇಹೋಮ್‌ಗೆ ಜೂನ್‌ನಿಂದ ಮಗಳನ್ನ ಕಳಿಸ್ತಿದೀವಿ, ನಾಲ್ಕು ವರ್ಷ ಅವ್ಳಿಗೆ. ಅ ಆ ಇ ಈ ತಿದ್ದಿಸೋ ಅವಸರಾನೇ ಇಲ್ಲ ಇಲ್ಲಿ, ಫೀಸ್ ಕೊಟ್ಟು ಗೀಚಕ್ಕೆ ಕಳಿಸ್ಬೇಕಾ ಅಂತ ನಮ್ಮತ್ತೆ ಬೇಜಾರು ಮಾಡ್ಕೊಂಡಿದ್ರು.

ಒಂದಿನ ಅವ್ಳು ಅಡಿಕೆ ಮಂಡಿ ಚೀಟಿ ಹಿಂದ್ಗಡೆ ಆನೆ ಬಿಡಿಸಿ, ಪಕ್ಕದಲ್ಲಿ ಸಾಲಾಗಿ ಸಣ್ಣ ಸಣ್ಣ ಸೊಟ್ಟ ಗೆರೆ ಎಳೆದು "ಇದು ಆನೆ, ಇದು ಆನೆ ಹೆಸ್ರು" ಅಂದ್ಳು. ಒಂದಕ್ಷರಾನೂ ಬರಲ್ಲ, ಆದ್ರೂ ಬರಹ ಬೇರೆ ಚಿತ್ರ ಬೇರೆ ಅಂತ ಗೊತ್ತಾಗಿದೆ! ಆನೆಗೆ ಉದ್ದ ಸಾಲು, ಇರುವೆಗೆ ಚೋಟುದ್ದ. ಟೀಚರ್‌ಗೆ ತೋರಿಸ್ದೆ, ಅವ್ರು ತಪ್ಪು ಅನ್ಲಿಲ್ಲ, ದೊಡ್ಡ ಪ್ರಾಣಿಗೆ ದೊಡ್ಡ ಹೆಸ್ರಿರ್ಬೇಕು ಅನ್ನೋದು ಈ ವಯಸ್ಸಿನ ಲೆಕ್ಕ, ಮಕ್ಕಳು ಓದು ಬರಹ ಹೇಗೆ ಕಲೀತಾರೆ ಅಂತ ಸಂಶೋಧನೆ ಮಾಡಿದ ಎಮಿಲಿಯಾ ಫೆರೇರೊ ಮತ್ತೆ ಆನಾ ಟೆಬೆರೋಸ್ಕಿ 1979ರಲ್ಲೇ ಸ್ಪ್ಯಾನಿಷ್ ಮಾತಾಡೋ ಮಕ್ಕಳ ಬಗ್ಗೆ ಬರ್ದಿದಾರೆ, ಅಕ್ಷರ ಒಂದೋ ಎರಡೋ ಇದ್ರೆ ಅದು ಓದೋ ಪದಾನೇ ಅಲ್ಲ ಅಂತಾನೂ ಎಷ್ಟೋ ಮಕ್ಕಳು ಹೇಳ್ತಿದ್ರಂತೆ, ಅಂದ್ರು. ಆಮೇಲೆ ಚಪ್ಪಾಳೆ ಆಟ ಆಡ್ಸಿದ್ರು, ಆ-ನೆ ಎರಡು, ಇ-ರು-ವೆ ಮೂರು. ಮಗಳ ಮುಖ ನೋಡ್ಬೇಕಿತ್ತು, ಇಷ್ಟು ಚಿಕ್ಕ ಇರುವೆಗೆ ಜಾಸ್ತಿ ಅಕ್ಷರನಾ ಅಂತ ಮತ್ತೆ ಮತ್ತೆ ತಟ್ಟಿ ಎಣಿಸಿದ್ಳು.

ಮಳೆಗಾಲದಲ್ಲಿ ಜಗುಲಿಗೆ ಎರಚಲು ಹೊಡಿಯತ್ತೆ, ಚಪ್ಪಲಿ ಎಲ್ಲಾ ಒದ್ದೆ, ಒಂದು ಶೀಟ್ ಹಾಕ್ಸಿದ್ರೆ ಒಳ್ಳೇದು. ಮೂರರಿಂದ ಐದು ವರ್ಷದ ಮಕ್ಕಳಿದ್ರೆ ಧೈರ್ಯವಾಗಿ ಸೇರಿಸಿ, ಗೀಚಿದ ಹಾಳೆ ಮಾತ್ರ ಬಿಸಾಕ್ಬೇಡಿ.