ಒಂದೇ ಪದ ಹುಡುಕಿದೆ, ಡಿಕ್ಷನರಿ ಆ್ಯಪ್‌ಗೆ ಐದಕ್ಕೆ ಮೂರು ಸ್ಟಾರ್

ಪದಗಳ ಹುಟ್ಟನ್ನೂ ಹೇಳುತ್ತೇವೆ ಅಂತ ಜಂಬ ಕೊಚ್ಚುವ ಒಂದು ಇಂಗ್ಲಿಷ್ ಡಿಕ್ಷನರಿ ಆ್ಯಪ್ ಬಳಸುತ್ತಿದ್ದೇನೆ. ಹೆಸರು ಬೇಡ ಬಿಡಿ. ಒಂದೇ ಪದದಲ್ಲಿ ಅದರ ಬಂಡವಾಳ ಗೊತ್ತಾಯಿತು: ಡಿಲ್ಯಾಪಿಡೇಟೆಡ್.

ಮೊದಲು ಸ್ಪೆಲಿಂಗ್ ತಪ್ಪಿದೆ. ಡಿ ಆದಮೇಲೆ ಐ ಬರಬೇಕು, ನಾನು ಇ ಹೊಡೆದೆ. ಎಷ್ಟೋ ಜನ ಮಾಡುವ ತಪ್ಪೇ ಅದು, ಅಲ್ವಾ? 'ಈ ಪದ ಇಲ್ಲ' ಅಂತ ಬಂತು, ಅಷ್ಟೇ. ನೀವು ಹುಡುಕುತ್ತಿರುವುದು ಇದಾ ಅಂತ ಕೇಳುವಷ್ಟು ಬುದ್ಧಿಯೂ ಇಲ್ಲ.

ಸರಿಯಾಗಿ ಹೊಡೆದಾಗ ಸಿಕ್ಕ ಅರ್ಥ 'ಕೆಟ್ಟ ಸ್ಥಿತಿಯಲ್ಲಿರುವ'. ಇದು ಸಾಲದು. ಒಂದೇ ರಾತ್ರಿಯಲ್ಲಿ ಸುಟ್ಟು ಬೂದಿಯಾದ ಮನೆಗೆ ಈ ಪದ ಸರಿಹೋಗಲ್ಲ. ಗಾರೆ ಉದುರಿ, ಬಾಗಿಲು ಒಂದೇ ಕೀಲಿನ ಮೇಲೆ ಜೋತಾಡುತ್ತಾ, ಯಾರೂ ರಿಪೇರಿ ಮಾಡದೆ ವರ್ಷಗಟ್ಟಲೆ ಪಾಳುಬಿದ್ದಿರುತ್ತಲ್ಲ, ಅಂಥ ಮನೆಗೆ ಸರಿ. ಲಡಕಾಸಿ ಕಾರಿಗೂ ನಡೆಯುತ್ತದೆ.

ಆದರೆ ಹುಟ್ಟಿನ ಪುಟ ಮಾತ್ರ ಭೇಷ್! ಲ್ಯಾಟಿನ್‌ನಲ್ಲಿ ಲಾಪಿಸ್ ಅಂದರೆ ಕಲ್ಲು, ನೀಲಿ ಕಲ್ಲು ಲ್ಯಾಪಿಸ್ ಲಾಜುಲಿಯಲ್ಲಿ ಇರುವುದೂ ಅದೇ. ಡಿಲಾಪಿಡಾರೆ ಅಂದರೆ ಕಲ್ಲು ಎರಚಿದ ಹಾಗೆ ಆಸ್ತಿಯನ್ನು ಚೆಲ್ಲಾಡುವುದು, ಅಂದರೆ ದುಂದು. ನಾವು ದುಡ್ಡನ್ನು ನೀರಿನ ಹಾಗೆ ಚೆಲ್ಲುತ್ತೇವೆ, ಅವರು ಕಲ್ಲಿನ ಹಾಗೆ! ಇಂಗ್ಲಿಷಿನಲ್ಲಿ ಆ ಕಲ್ಲು ಮತ್ತೆ ಗೋಡೆಗೆ ಬಂದು ಸೇರಿತು. ಪಾದ್ರಿ ತನ್ನ ವಶದಲ್ಲಿದ್ದ ಚರ್ಚಿನ ಕಟ್ಟಡಗಳನ್ನು ಬೀಳಲು ಬಿಟ್ಟರೆ ಅದಕ್ಕೆ ಚರ್ಚ್ ಕಾನೂನಿನಲ್ಲಿ ಡಿಲ್ಯಾಪಿಡೇಷನ್ ಅನ್ನುತ್ತಿದ್ದರು. ಇವತ್ತಿಗೂ ಇಂಗ್ಲೆಂಡಿನಲ್ಲಿ ಲೀಸ್ ಮುಗಿದಾಗ ಬಾಡಿಗೆದಾರ ಸರಿಮಾಡಿಕೊಡಬೇಕಾದ ಹಾಳುಮೂಳುಗಳ ಹೆಸರು ಡಿಲ್ಯಾಪಿಡೇಷನ್ಸ್.

ಓದುತ್ತಾ ನನಗೆ ಹೊಳೆದದ್ದು ನಮ್ಮ 'ಹಾಳು'. ದುಡ್ಡೂ ಹಾಳು, ಮನೆಯೂ ಹಾಳು, ಎರಡನ್ನೂ ಮಾಡುವವನು ಮನೆಹಾಳ. ಲ್ಯಾಟಿನ್ನಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಆ ಪದ ಸುತ್ತಿದ ದಾರಿಯೆಲ್ಲ ನಮ್ಮ ಎರಡೇ ಅಕ್ಷರದಲ್ಲಿ ಅಡಗಿದೆ.

ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ 1909ರಲ್ಲಿ ತೆಗೆದ ತಕರಾರು ಆ್ಯಪ್‌ನಲ್ಲಿ ಇಲ್ಲ: ಮೂಲದಲ್ಲಿ ಕಲ್ಲು ಇದೆ, ಹಾಗಾಗಿ ಕಲ್ಲಿನ ಕಟ್ಟಡಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಈ ಪದ ಬಳಸಬಾರದಂತೆ. ಮರದ ಮನೆ ಬಿದ್ದರೆ ಏನನ್ನಬೇಕೋ! ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಇಂಥ ಜಗಳಗಳನ್ನೂ ಹಾಕಿದ್ದರೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ಹುಟ್ಟಿನ ಪುಟ ಬೇಕಿದ್ದರೆ ಹಾಕಿಕೊಳ್ಳಿ. ಸ್ಪೆಲಿಂಗ್ ಮಾತ್ರ ಬೇರೆ ಕಡೆ ನೋಡಿಕೊಂಡು ಬನ್ನಿ.