ನಾಲ್ಕು ಲೈಟ್ ಹತ್ತಿದೆ ಅಂತ ಟ್ರೇಲರ್ ಬ್ಯಾಟರಿ ನಂಬಬೇಡಿ

ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಪುಟ್ಟ ಮನೆ ಥರದ ಗಾಡಿ) ಬಾಡಿಗೆಗೆ ತಗೊಂಡು ಕರೆಂಟ್ ಪಾಯಿಂಟೇ ಇಲ್ಲದ ಜಾಗದಲ್ಲಿ ಕ್ಯಾಂಪ್ ಮಾಡೋಕೆ ಹೊರಟಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ, ಜೊತೆಗೆ ವಯಸ್ಸಾದೋರು ಚಿಕ್ಕ ಮಕ್ಕಳು ಇದ್ರಂತೂ ಇನ್ನೂ ಗಮನ ಕೊಟ್ಟು ಓದಿ. ನಮಗಾಗಿದ್ದು ಇನ್ನೊಂದು ಮನೆಯವರಿಗೆ ಆಗ್ಬಾರ್ದು ಅಂತಾನೇ ಬರೀತಿರೋದು.

ಟ್ರೇಲರ್ ಕೊಟ್ಟೋರು ಒಳಗಡೆ ಗೋಡೆ ಮೇಲಿರೋ ಕಂಟ್ರೋಲ್ ಪ್ಯಾನಲ್ ಬಟನ್ ಒತ್ತಿ ತೋರಿಸಿದ್ರು, ಬ್ಯಾಟರಿ ಮಟ್ಟ ತೋರಿಸೋ ನಾಲ್ಕಕ್ಕೆ ನಾಲ್ಕೂ ಲೈಟ್ ಹತ್ತಿದ್ವು. "ನೋಡಿ, ಫುಲ್ ಚಾರ್ಜ್. ಹೀಟರ್ ಗ್ಯಾಸಲ್ಲಿ ಓಡುತ್ತೆ, ಫ್ರಿಜ್ಜೂ ಗ್ಯಾಸೇ, ಬ್ಯಾಟರಿ ಬೇಕಾಗೋದು ಲೈಟಿಗೆ ಮಾತ್ರ, ಎರಡು ಮೂರು ದಿನ ಆರಾಮಾಗಿ ಬರುತ್ತೆ" ಅಂದ್ರು. ಅಪ್ಪಂಗೆ ಸ್ಲೀಪ್ ಆಪ್ನಿಯಾ (ನಿದ್ದೇಲಿ ಉಸಿರು ನಿಂತು ನಿಂತು ಬರೋ ತೊಂದ್ರೆ) ಇದೆ, ರಾತ್ರಿ ಮಾಸ್ಕಿಂದ ಗಾಳಿ ಒತ್ತಿ ಕೊಡೋ ಸಿಪ್ಯಾಪ್ ಮೆಷಿನ್ ಇಲ್ದೆ ಆಗಲ್ಲ ಅಂತ ಬುಕ್ ಮಾಡುವಾಗ್ಲೇ ಹೇಳಿದ್ವಿ, ಅದಕ್ಕೂ "ಇನ್ವರ್ಟರ್ ಇದೆ, ಯೋಚನೆ ಮಾಡ್ಬೇಡಿ" ಅನ್ನೋ ಉತ್ತರಾನೇ ಸಿಕ್ಕಿದ್ದು. ಮೊದಲನೇ ರಾತ್ರಿ ಹನ್ನೆರಡು ದಾಟಿದ ಮೇಲೆ ಇನ್ವರ್ಟರ್ ಒಂದೇ ಸಮ ಕೂಗಿ ಕಟ್ ಆಯ್ತು, ಅಪ್ಪ ಉಸಿರು ಸಿಗದೆ ಗಾಬರಿಯಾಗಿ ಎದ್ದು ಕೂತ್ರು, ಅಷ್ಟರಲ್ಲಿ ಹೀಟರಿಂದ ಬರ್ತಿದ್ದ ಗಾಳಿ ತಣ್ಣಗಾಗೋಕೆ ಶುರುವಾಯ್ತು, ಆಮೇಲೆ ನೆಲದ ಹತ್ರ ಇರೋ ಗ್ಯಾಸ್ ಡಿಟೆಕ್ಟರ್ ಬೀಪ್ ಬೀಪ್ ಅನ್ನೋಕೆ ಶುರು ಮಾಡ್ತು. ಗ್ಯಾಸ್ ಲೀಕ್ ಇರ್ಬಹುದು ಅಂತ ಮಕ್ಕಳನ್ನ ಕಂಬಳಿ ಸುತ್ತಿ ಎತ್ಕೊಂಡು, ಅಪ್ಪನ ಕೈ ಹಿಡ್ಕೊಂಡು ಎಲ್ಲರೂ ಹೊರಗೆ ಬಂದ್ವಿ, ಸಿಲಿಂಡರ್ ವಾಲ್ವ್ ಮುಚ್ಚಿ ಕಾರಲ್ಲಿ ಕೂತು ಬೆಳಗು ಮಾಡಿದ್ವಿ. ಅದು ಲೀಕ್ ಅಲ್ಲ, ವೋಲ್ಟೇಜ್ ಬಿದ್ದಿದ್ದಕ್ಕೆ ಡಿಟೆಕ್ಟರ್ ಕೂಗಿದ್ದು ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಆ ಸದ್ದು ಕೇಳಿದ್ರೆ ಮೊದಲು ಹೊರಗೆ ಬನ್ನಿ, ಕಾರಣ ಆಮೇಲೆ ಹುಡುಕಿ.

ಹೀಟರ್ ಗ್ಯಾಸಲ್ಲಿ ಓಡುತ್ತೆ ಅನ್ನೋದು ಅರ್ಧ ಸತ್ಯ, ಈ ಅರ್ಧ ಸತ್ಯಾನೇ ಜನರನ್ನ ಮುಳುಗಿಸೋದು. ಬಿಸಿ ಮಾಡೋದು ಗ್ಯಾಸು, ಆ ಬಿಸೀನ ಒಳಗೆ ತಳ್ಳೋದು 12 ವೋಲ್ಟಿನ ಫ್ಯಾನು, ಅದು ಓಡುವಾಗ ಸುಮಾರು 7-8 ಆಂಪಿಯರ್ ಎಳೆಯುತ್ತೆ. ಚಳಿ ರಾತ್ರಿ 10 ಗಂಟೇಲಿ ಅರ್ಧ ಹೊತ್ತು ಫ್ಯಾನ್ ಓಡ್ತು ಅಂತ ಇಟ್ಕೊಳ್ಳಿ, ಅಲ್ಲಿಗೇ 35-40 ಆಂಪಿಯರ್ ಅವರ್ (ಆಂಪಿಯರನ್ನ ಗಂಟೆಯಿಂದ ಗುಣಿಸಿದ ಲೆಕ್ಕ) ಹೋಯ್ತು. ಟ್ರೇಲರಿಗೆ ಸಾಮಾನ್ಯವಾಗಿ ಹಾಕಿರೋ ಒಂದೇ ಒಂದು ಲೆಡ್ ಆಸಿಡ್ ಬ್ಯಾಟರಿ ಹೊಸದಿದ್ದಾಗ 80 ಆಂಪಿಯರ್ ಅವರ್ ಆಸುಪಾಸು ಇರುತ್ತೆ, ಅದ್ರಲ್ಲಿ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದ್ರೆ ಬ್ಯಾಟರಿ ಬೇಗ ಹಾಳಾಗುತ್ತೆ, ಅಂದ್ರೆ ನಿಮ್ಮ ಕೈಗೆ ಸಿಗೋದೇ 40. ಲೈಟು, ನೀರಿನ ಪಂಪು, ಸಿಪ್ಯಾಪ್ ಯಾವ್ದನ್ನೂ ಲೆಕ್ಕಕ್ಕೆ ತಗೊಳ್ದೆ ಹೀಟರ್ ಫ್ಯಾನ್ ಒಂದೇ ಅಷ್ಟನ್ನೂ ನುಂಗುತ್ತೆ. ಸಾಲದ್ದಕ್ಕೆ 0 ಡಿಗ್ರಿ ಹತ್ರದ ಚಳೀಲಿ ಲೆಡ್ ಆಸಿಡ್ ಬ್ಯಾಟರಿ ತಾಕತ್ತೇ ಸುಮಾರು ಐದರಲ್ಲಿ ಒಂದು ಪಾಲು ಕಮ್ಮಿ ಆಗಿರುತ್ತೆ. ವೋಲ್ಟೇಜ್ ಇಳಿದ್ರೆ ಫ್ಯಾನ್ ನಿಧಾನ ಆಗುತ್ತೆ, ಗಾಳಿ ಸಾಲದೆ ಒಳಗಿರೋ ಸೈಲ್ ಸ್ವಿಚ್ (ಗಾಳಿ ಒತ್ತಿದ್ರೆ ಮಾತ್ರ ಆನ್ ಆಗೋ ಸ್ವಿಚ್) ಆನ್ ಆಗಲ್ಲ, ಅದು ಆನ್ ಆಗ್ದೆ ಗ್ಯಾಸ್ ಹೊತ್ಕೊಳ್ಳಲ್ಲ, ಆದ್ರೆ ಫ್ಯಾನ್ ಮಾತ್ರ ತಣ್ಣನೆ ಗಾಳಿ ಊದ್ತಾ ಉಳಿದಿದ್ದನ್ನೂ ಖಾಲಿ ಮಾಡುತ್ತೆ. ಗ್ಯಾಸ್ ಫ್ರಿಜ್ಜಿನ ಕಥೆನೂ ಅಷ್ಟೇ, ಅದ್ರ ಕಂಟ್ರೋಲ್ ಬೋರ್ಡಿಗೆ 12 ವೋಲ್ಟ್ ಬೇಕು, ಬ್ಯಾಟರಿ ಸತ್ರೆ ಸಿಲಿಂಡರ್ ತುಂಬಾ ಗ್ಯಾಸ್ ಇದ್ರೂ ಫ್ರಿಜ್ ನಿಲ್ಲುತ್ತೆ.

ಈಗ ಆ ನಾಲ್ಕು ಲೈಟಿನ ವಿಷ್ಯ. ಅವು ಬ್ಯಾಟರೀಲಿ ಎಷ್ಟು ಉಳಿದಿದೆ ಅಂತ ತೋರಿಸಲ್ಲ, ಆ ಕ್ಷಣಕ್ಕೆ ಎಷ್ಟು ವೋಲ್ಟ್ ಇದೆ ಅಂತ ಮಾತ್ರ ತೋರಿಸ್ತವೆ. ಟ್ರೇಲರ್ ಕರೆಂಟಿಗೆ ಸಿಕ್ಕಿಸಿರುವಾಗ ಚಾರ್ಜರ್ 13 ವೋಲ್ಟಿಗಿಂತ ಮೇಲೇ ಕೊಡ್ತಿರುತ್ತೆ, ಬ್ಯಾಟರಿ ಎಷ್ಟೇ ಹಾಳಾಗಿದ್ರೂ ನಾಲ್ಕೂ ಹತ್ತುತ್ತೆ. ಈಗಷ್ಟೇ ಪ್ಲಗ್ ತೆಗೆದಿದ್ರೂ ಹಾಗೇ, ಉಕ್ಕಿದ ಹಾಲು ಪಾತ್ರೆ ತುಂಬಿದ ಹಾಗೆ ಕಂಡು ಒಲೆ ಆರಿಸಿದ ಮೇಲೆ ಕೆಳಗೆ ಕೂರುತ್ತಲ್ಲ, ಚಾರ್ಜ್ ಮಾಡಿದ ತಕ್ಷಣದ ವೋಲ್ಟೇಜೂ ಅದೇ ಥರ. ನಮಗೆ ತೋರಿಸಿದ್ದು ಈ ಸ್ಥಿತೀಲೇ. ಎರಡನೇ ದಿನ ಪಕ್ಕದ ಕ್ಯಾಂಪಿನವರು ಪಾಪ ಜನರೇಟರ್ ಕೊಟ್ರು, ಒಂದೆರಡು ಗಂಟೆ ಓಡಿಸಿದ್ವಿ, ಮತ್ತೆ ನಾಲ್ಕು ಲೈಟು! ಆವತ್ತು ರಾತ್ರಿ ಇನ್ನೂ ಬೇಗ ಎಲ್ಲಾ ಆಫ್. ಲೆಡ್ ಆಸಿಡ್ ಬ್ಯಾಟರಿ ಕೊನೇ ಭಾಗ ತುಂಬೋಕೆ ತುಂಬಾ ಗಂಟೆ ಹಿಡಿಯುತ್ತೆ, ಎಷ್ಟೇ ದೊಡ್ಡ ಜನರೇಟರ್ ತಂದ್ರೂ ಅದನ್ನ ಅವಸರ ಮಾಡೋಕಾಗಲ್ಲ. ವಾಪಸ್ ಬಂದು ಕೊಡೋ ಮುಂಚೆ ಬ್ಯಾಟರಿ ಕೆಲಸ ಗೊತ್ತಿರೋರ ಹತ್ರ ಲೋಡ್ ಟೆಸ್ಟ್ (ಕರೆಂಟ್ ಎಳೆದು ತಾಕತ್ತು ನೋಡೋ ಪರೀಕ್ಷೆ) ಮಾಡಿಸಿದ್ವಿ, ಇರಬೇಕಾದ ತಾಕತ್ತಲ್ಲಿ ಅರ್ಧಾನೂ ಉಳಿದಿರ್ಲಿಲ್ಲ. ಬಾಡಿಗೆ ಕೊಟ್ಟೋರು ಒಪ್ಲಿಲ್ಲ, "ಪ್ಯಾನಲಲ್ಲಿ ಫುಲ್ ಇತ್ತಲ್ಲ" ಅಂತ ಅದನ್ನೇ ಹೇಳಿದ್ರು. ದಿನಾ ಟ್ರೇಲರ್ ಬಾಡಿಗೆಗೆ ಕೊಡೋರಿಗೆ ಇಷ್ಟು ಗೊತ್ತಿರಲ್ಲ ಅಂದ್ರೆ ನಾನಂತೂ ನಂಬಲ್ಲ.

ಅದಕ್ಕೆ ವೋಲ್ಟೇಜ್ ಅಳೆಯೋ ಒಂದು ಮಲ್ಟಿಮೀಟರ್ ಜೊತೆಗೆ ಇಟ್ಕೊಳ್ಳಿ. ಪ್ಲಗ್ ತೆಗೆದು, ಎಲ್ಲಾ ಆಫ್ ಮಾಡಿ, ಕೆಲವು ಗಂಟೆ ಹಾಗೇ ಬಿಟ್ಟು ಅಳೆದಾಗ ಲೆಡ್ ಆಸಿಡ್ ಬ್ಯಾಟರೀಲಿ 12.6-12.7 ವೋಲ್ಟ್ ಇದ್ರೆ ಫುಲ್, 12.1 ಹತ್ರ ಅಂದ್ರೆ ಅರ್ಧ, 11.8 ಅಂದ್ರೆ ತಳ ಕಾಣ್ತಿದೆ ಅಂತ. ಹಳೇ ಬ್ಯಾಟರಿ ಇಲ್ಲೂ ಸರಿಯಾದ ನಂಬರ್ ತೋರಿಸಿ ಮೋಸ ಮಾಡಬಹುದು, ಹಾಗಾಗಿ ಟ್ರೇಲರ್ ತಗೊಳ್ಳೋವಾಗ್ಲೇ ಪ್ಲಗ್ ತೆಗೆಸಿ, ಹೀಟರ್ ಫ್ಯಾನು ಎಲ್ಲಾ ಲೈಟು ಆನ್ ಮಾಡಿಸಿ ಅರ್ಧ ಗಂಟೆ ಅಲ್ಲೇ ಕೂತು ಮೀಟರ್ ನೋಡಿ. ಸ್ವಲ್ಪ ಇಳಿದು ನಿಂತ್ರೆ ಪರವಾಗಿಲ್ಲ, ನಿಮ್ಮ ಕಣ್ಣೆದುರೇ ಇಳೀತಾನೇ ಹೋದ್ರೆ ಆ ಬ್ಯಾಟರಿ ಬೇಡ, ಬದಲಾಯಿಸಿ ಕೊಡಿ ಅನ್ನಿ. ಅಷ್ಟು ಹೊತ್ತು ಕಾಯೋಕೆ ಬಿಡಲ್ಲ ಅಂದ್ರೆ ಬೇರೆ ಟ್ರೇಲರ್ ನೋಡಿ. ಬ್ಯಾಟರಿ ಬಾಕ್ಸ್ ಮುಚ್ಚಳ ತೆಗೆಸಿ ಸ್ಟಿಕರೂ ಓದಿ, ಕ್ರ್ಯಾಂಕಿಂಗ್ ಆಂಪ್ಸ್ (ಇಂಜಿನ್ ಸ್ಟಾರ್ಟ್ ಮಾಡೋಕೆ ಕೊಡೋ ಕರೆಂಟ್) ದೊಡ್ಡದಾಗಿ ಬರೆದು ಆಂಪಿಯರ್ ಅವರ್ ಎಲ್ಲೂ ಬರೆದಿಲ್ಲ ಅಂದ್ರೆ ಅದು ಇಂಜಿನ್ ಸ್ಟಾರ್ಟ್ ಮಾಡೋ ಜಾತಿಗೆ ಹತ್ರದ್ದು, ರಾತ್ರಿಯಿಡೀ ನಿಧಾನಕ್ಕೆ ಕರೆಂಟ್ ಕೊಡೋ ಕೆಲಸಕ್ಕೆ ಮಾಡಿದ್ದಲ್ಲ. ಸ್ವಂತ ಟ್ರೇಲರ್ ಇರೋರು ಶಂಟ್ (ಹರಿಯೋ ಕರೆಂಟ್ ಅಳೆಯೋ ಭಾಗ) ಇರೋ ಬ್ಯಾಟರಿ ಮಾನಿಟರ್ ಹಾಕಿಸಿ, ಎಷ್ಟು ಕರೆಂಟ್ ಒಳಗೆ ಬಂತು ಎಷ್ಟು ಹೊರಗೆ ಹೋಯ್ತು ಅಂತ ಅದು ಎಣಿಸಿ ಹೇಳುತ್ತೆ.

ಲಿಥಿಯಂ ಬ್ಯಾಟರಿ ಇದೆ, ನಮಗೇನೂ ತೊಂದ್ರೆ ಇಲ್ಲ ಅನ್ನೋರಿಗೂ ಒಂದು ಮಾತು. ಲಿಥಿಯಂ ಐರನ್ ಫಾಸ್ಫೇಟ್ ಅನ್ನೋ ಜಾತಿಯ ಬ್ಯಾಟರೀಲಿ ಬಹುಪಾಲು ಪೂರ್ತಿ ಬಳಸಬಹುದು ನಿಜ, ಆದ್ರೆ ಅದ್ರ ವೋಲ್ಟೇಜ್ ಹೆಚ್ಚು ಕಮ್ಮಿ ಕೊನೇವರೆಗೂ 13ರ ಆಸುಪಾಸಲ್ಲೇ ನಿಂತಿರುತ್ತೆ, ಲೆಡ್ ಆಸಿಡಿಗೆ ಮಾಡಿದ ಪ್ಯಾನಲ್ ಫುಲ್ ಫುಲ್ ಅಂತಾನೇ ತೋರಿಸ್ತಾ ಇದ್ದು ಒಂದೇ ಸಲ ಕತ್ತಲಾಗುತ್ತೆ. 0 ಡಿಗ್ರಿಗಿಂತ ಕೆಳಗೆ ಅದನ್ನ ಚಾರ್ಜ್ ಮಾಡೋ ಹಾಗೂ ಇಲ್ಲ, ಮಾಡಿದ್ರೆ ಸೆಲ್ ಹಾಳಾಗುತ್ತೆ.

ಹಗಲಲ್ಲಿ ಸೋಲಾರ್ ತುಂಬ್ಕೊಡುತ್ತೆ ಅಂತಾರೆ. 100 ವಾಟಿನ ಸೋಲಾರ್ ಪ್ಯಾನಲ್ ಒಳ್ಳೆ ಬಿಸಿಲಲ್ಲಿ ಕೊಡೋದು 5-6 ಆಂಪಿಯರ್, ಮರದ ಕೆಳಗೆ ನಿಲ್ಲಿಸಿದ್ರೆ ಅದೂ ಇಲ್ಲ, ಒಂದು ಕೊಂಬೆ ನೆರಳು ಬಿದ್ರೂ ಸಾಕು, ತುಂಬಾ ಕಮ್ಮಿ ಆಗುತ್ತೆ. ಕಾರಿಂದ ಟ್ರೇಲರಿಗೆ ಕರೆಂಟ್ ತರೋ 7 ಪಿನ್ ವೈರೂ ತೆಳ್ಳಗಿರುತ್ತೆ, ದಾರೀಲಿ ವೋಲ್ಟೇಜ್ ಬೀಳುತ್ತೆ, ಮಧ್ಯೆ ಆ ವೋಲ್ಟೇಜನ್ನ ಮತ್ತೆ ಏರಿಸಿ ಕೊಡೋ ಡಿಸಿ ಟು ಡಿಸಿ ಚಾರ್ಜರ್ ಇಲ್ಲ ಅಂದ್ರೆ ಖಾಲಿ ಬ್ಯಾಟರಿ ತುಂಬುತ್ತೆ ಅಂತ ಆಸೆ ಇಟ್ಕೋಬೇಡಿ.

ಇನ್ವರ್ಟರಲ್ಲಿ ಕೆಟಲ್, ಹೇರ್ ಡ್ರೈಯರ್ ಹಾಕೋದು ಬೇಡ್ವೇ ಬೇಡ. 1000 ವಾಟ್ ಅಂದ್ರೆ 12 ವೋಲ್ಟ್ ಬ್ಯಾಟರಿಯಿಂದ 90 ಆಂಪಿಯರಿಗೂ ಹೆಚ್ಚು ಹೋಗುತ್ತೆ, ಏನೂ ಹಾಕ್ದೆ ಇನ್ವರ್ಟರ್ ಆನ್ ಇದ್ರೂ ಅದು ಸುಮ್ನೆ ಕರೆಂಟ್ ತಿಂತಾನೇ ಇರುತ್ತೆ. ಸಿಪ್ಯಾಪ್ ಬಳಸೋರು ಮೆಷಿನ್ ಕಂಪನಿಯವರದ್ದೇ 12 ವೋಲ್ಟ್ ಕೇಬಲ್ ತಗೊಳ್ಳಿ, ಇನ್ವರ್ಟರ್ ಸಹವಾಸ ತಪ್ಪುತ್ತೆ. ಮೆಷಿನ್ನಿನ ಗಾಳಿಗೆ ತೇವ ಕೊಡೋ ಹ್ಯುಮಿಡಿಫೈಯರ್ ಹೀಟರ್, ಬಿಸಿ ಪೈಪ್ ಆಫ್ ಮಾಡಿದ್ರೆ ಎಳೆಯೋ ಕರೆಂಟ್ ತುಂಬಾ ಇಳಿಯುತ್ತೆ, ಆದ್ರೆ ಡಾಕ್ಟರನ್ನ ಒಂದ್ಮಾತು ಕೇಳಿ ಮಾಡಿ. ನಾವೀಗ ಅಪ್ಪನ ಮೆಷಿನ್ನಿಗೆ ಅಂತಾನೇ ಬೇರೆ ಲಿಥಿಯಂ ಬ್ಯಾಟರಿ ಇಟ್ಟಿದೀವಿ, ಟ್ರೇಲರ್ ಬ್ಯಾಟರಿಗೂ ಅದಕ್ಕೂ ಸಂಬಂಧಾನೇ ಇಲ್ಲ, ಮನೇಲಿ ಒಂದು ಪೂರ್ತಿ ರಾತ್ರಿ ಓಡಿಸಿ ನೋಡಿದ ಮೇಲೇ ಹೊರಗೆ ತಗೊಂಡು ಹೋಗಿದ್ದು.

ಹೀಟರ್ ನಿಂತ ಚಳೀಲಿ ಕೈ ಹೋಗೋದು ಗ್ಯಾಸ್ ಸ್ಟವ್ ಕಡೆಗೆ. ಬೆಚ್ಚಗಾಗೋಕೆ ಅಂತ ಅದನ್ನ ಹಚ್ಚಿ ಮಲಗಬೇಡಿ, ಜನರೇಟರನ್ನ ಕಿಟಕಿ ಹತ್ರಾನೋ ಆನಿಂಗ್ (ಟ್ರೇಲರ್ ಪಕ್ಕ ಬಿಚ್ಚೋ ಬಟ್ಟೆ ಚಪ್ಪರ) ಕೆಳಗೋ ಇಡ್ಬೇಡಿ, ಕಮ್ಮಿ ಅಂದ್ರೂ 6 ಮೀಟರ್ ದೂರ ಇಟ್ಟು ಹೊಗೆ ಆಚೆ ಹೋಗೋ ಹಾಗೆ ತಿರುಗಿಸಿ. ಇವುಗಳಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ಬಣ್ಣಾನೂ ಇಲ್ಲ ವಾಸನೇನೂ ಇಲ್ಲ, ನಿದ್ದೇಲೇ ಜೀವ ತೆಗೆಯುತ್ತೆ. ಟ್ರೇಲರ್ ಬ್ಯಾಟರಿಯಿಂದ ಓಡೋ ಡಿಟೆಕ್ಟರ್ ಬ್ಯಾಟರಿ ಪೂರ್ತಿ ಸತ್ತಾಗ ತಾನೂ ಸತ್ತಿರುತ್ತೆ, ಸ್ವಂತ ಸೆಲ್ ಇರೋ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಬ್ಯಾಗಲ್ಲಿ ಇರ್ಲಿ.

ಇನ್ನೊಂದು, ಇದು ತುಂಬಾ ಜನಕ್ಕೆ ಗೊತ್ತೇ ಇರಲ್ಲ. ಓಡ್ತಿರುವಾಗ ಟ್ರೇಲರ್ ಕಾರಿಂದ ಕಳಚ್ಕೊಂಡ್ರೆ ತಾನಾಗೇ ಬ್ರೇಕ್ ಹಾಕೋ ಬ್ರೇಕ್‌ಅವೇ ಸ್ವಿಚ್ ಇರುತ್ತಲ್ಲ, ಎಲೆಕ್ಟ್ರಿಕ್ ಬ್ರೇಕ್ ಇರೋ ಟ್ರೇಲರಲ್ಲಿ ಅದಕ್ಕೆ ಕರೆಂಟ್ ಬರೋದು ಸಾಮಾನ್ಯವಾಗಿ ಇದೇ ಬ್ಯಾಟರಿಯಿಂದ. ಹಾಗಾಗಿ ಬ್ಯಾಟರಿ ಸತ್ತಿದೆ ಅಂದ್ರೆ ಕ್ಯಾಂಪ್ ಮುಗೀತು ಹೊರಡೋಣ ಅಂತ ಅವಸರ ಮಾಡ್ಬೇಡಿ, ಮೊದಲು ಎಲ್ಲಿಂದಾದ್ರೂ ಚಾರ್ಜ್ ಮಾಡಿ, ವೋಲ್ಟೇಜ್ ಅಳೆದು, ಆಮೇಲೆ ಟ್ರೇಲರ್ ರೋಡಿಗೆ ತನ್ನಿ.